ಬೂತಿಗೆ ಹೋಗದವರು ಭೂತಾನಿಗೆ ಹೊರಟಾಗ

ಬೆಂಗಳೂರಿನ ವಿಜಯನಗರದ ಒಂದು ಮನೆ. ಯಜಮಾನರು ಸ್ವಂತ ಕಾರಿನಲ್ಲಿ ಭೂತಾನಿಗೆ ಹೋಗಿಬರುವ ಸಿದ್ಧತೆಯಲ್ಲಿದ್ದಾರೆ. ಊಟದ ಮೇಜಿನ ಮೇಲೆ ಲ್ಯಾಪ್‌ಟಾಪು, ಕ್ಯಾಲ್ಕುಲೇಟರು, ಆರಿದ ಕಾಫಿ. ಇವುಗಳ ನಡುವೆ ಸಕ್ಕರೆ ಡಬ್ಬಕ್ಕೆ ಒರಗಿಸಿಟ್ಟ ಒಂದು ವೋಟರ್ ಐಡಿ. ಲ್ಯಾಮಿನೇಷನ್ನಿನ ಮೂಲೆ ಬಿಟ್ಟುಕೊಂಡಿದೆ. ಕಪ್ಪುಬಿಳುಪು ಫೋಟೊದಲ್ಲಿ ಹುಬ್ಬು ಯಾವುದು, ಮೀಸೆ ಯಾವುದು ಎಂದು ಹೇಳಬೇಕಾದರೆ ಸ್ವಲ್ಪ ದೂರ ಹಿಡಿದು ನೋಡಬೇಕು. ಯಜಮಾನರು ಫೋನಿನಲ್ಲಿ ಪಾರೊದ ಹೋಟೆಲಿನವರ ಜೊತೆ ಚೌಕಾಸಿಗೆ ಇಳಿದ ಹೊತ್ತು ನೋಡಿ, ನಾವು ಕಾರ್ಡಿನ ಜೊತೆ ಮಾತಿಗೆ ಕೂತೆವು.

ಬೀರುವಿನಿಂದ ಹೊರಗೆ ಬಂದಿದ್ದೀರಿ. ಹೇಗಿದೆ?

ಬೆಳಕು ಕಣ್ಣಿಗೆ ಚುಚ್ಚುತ್ತೆ ಸ್ವಾಮಿ. ಎಲ್‌ಐಸಿ ಬಾಂಡಿನ ಕೆಳಗೆ, ಹಳೇ ಗ್ಯಾಸ್ ಪುಸ್ತಕದ ಮೇಲೆ ನನ್ನ ಜಾಗ. ಬೀರು ಬಾಗಿಲು ಕಿರ್ ಅಂದಾಗೆಲ್ಲ ನನ್ನ ಕಾಲ ಬಂತು ಅಂದ್ಕೊಳ್ತಿದ್ದೆ. ಒಡವೆ ಡಬ್ಬಿ ತಗೊಂಡು ಬಾಗಿಲು ಹಾಕ್ತಿದ್ರು. ಈ ಸಲ ಮಾತ್ರ ನನ್ನನ್ನು ಹುಡುಕೋಕೆ ಇಡೀ ಮನೆ ತಲೆಕೆಳಗಾಯ್ತು. ಸಿಕ್ಕಿದ ತಕ್ಷಣ ಯಜಮಾನರು ಬನಿಯನ್ ತುದಿಯಿಂದ ಒರೆಸಿ "ಅಬ್ಬಾ, ಇದೆ ಕಣೇ!" ಅಂದ್ರು. ನನ್ನನ್ನು ಮುಟ್ಟಿ ಯಾರೂ ಯಾವತ್ತೂ ಹಾಗೆ ಸಂತೋಷಪಟ್ಟಿರಲಿಲ್ಲ.

ಇದ್ದಕ್ಕಿದ್ದ ಹಾಗೆ ಇಷ್ಟು ಬೇಡಿಕೆ ಯಾಕೆ?

ಭೂತಾನಿಗೆ ಹೋಗೋ ಭಾರತೀಯರಿಗೆ ವೀಸಾ ಬೇಡ, ಪರ್ಮಿಟ್ ಸಾಕು. ಆ ಪರ್ಮಿಟ್ಟಿಗೆ ತೋರಿಸಬೇಕಾದ್ದು ಒಂದೋ ಆರು ತಿಂಗಳಾದರೂ ಅವಧಿ ಉಳಿದಿರೋ ಪಾಸ್‌ಪೋರ್ಟು, ಇಲ್ಲಾಂದ್ರೆ ನಾನು. ಯಜಮಾನರ ಪಾಸ್‌ಪೋರ್ಟಿನ ಅವಧಿ ಮುಗಿದಿದೆ ಅನ್ನೋದು ಹೋಟೆಲ್ ಬುಕ್ ಆದ ಮೇಲೆ ಗೊತ್ತಾಯ್ತು.

ಆಧಾರ್ ಆಗಲ್ವಾ? ಎಲ್ಲ ಕಡೆ ಅದೇ ನಡೆಯುತ್ತಲ್ಲ.

(ಬಿಟ್ಟುಕೊಂಡ ಮೂಲೆಯನ್ನು ನೆಟ್ಟಗೆ ಮಾಡಿಕೊಂಡು) ಇದನ್ನ ನೀವು ಕೇಳೇ ಕೇಳ್ತೀರಿ ಅಂತ ಗೊತ್ತಿತ್ತು. ನಾನು ಹುಟ್ಟಿದ್ದು 1993ರಲ್ಲಿ, ಮುಖ್ಯ ಚುನಾವಣಾ ಆಯುಕ್ತ ಟಿ.ಎನ್. ಶೇಷನ್ ಕಾಲದಲ್ಲಿ. ಶೇಷನ್ ಹೆಸರು ಕೇಳಿದ್ರೆ ಮಂತ್ರಿಗಳು ಗೋಡೆ ಬರಹ ತಾವೇ ಅಳಿಸ್ತಿದ್ದ ಕಾಲ ಅದು. ಆಧಾರ್ 2010ರ ಹುಡುಗ. ಸಿಮ್ಮಿಗೂ ಅವನೇ, ಬ್ಯಾಂಕಿಗೂ ಅವನೇ. ಲಾಡ್ಜಿನವರು ಜೆರಾಕ್ಸ್ ಮಾಡಿಸಿ ಮಾಡಿಸಿ ಅವನ ಮುಖ ಸವೆದುಹೋಗಿದೆ. ಆದ್ರೆ ಭೂತಾನಿನ ಕೌಂಟರಿನಲ್ಲಿ ಅವನಿಗೆ ಕೆಲಸ ಇಲ್ಲ. ಕಾಯ್ದೆನೇ ಹೇಳುತ್ತೆ, ಆಧಾರ್ ಪೌರತ್ವದ ಪುರಾವೆ ಅಲ್ಲ ಅಂತ. ಹನ್ನೆರಡು ತಿಂಗಳಲ್ಲಿ 182 ದಿನ ಇಲ್ಲಿ ವಾಸ ಮಾಡಿದ ಹೊರದೇಶದವರೂ ಅವನನ್ನ ಮಾಡಿಸ್ಕೋಬಹುದು. ನನ್ನನ್ನ ಪಡೀಬೇಕಾದ್ರೆ ಈ ದೇಶದ ಪ್ರಜೆಯೇ ಆಗಿರಬೇಕು.

ಹೊಟ್ಟೆ ಉರಿಯೋ ವಿಷಯ ಒಂದಿದೆ, ಹೇಳಿಬಿಡ್ತೀನಿ. ಬೂತಿನಲ್ಲಿ ನಾನಿಲ್ಲದಿದ್ರೂ ನಡೆಯುತ್ತೆ. ಪಟ್ಟಿಯಲ್ಲಿ ಹೆಸರಿದ್ರೆ ಆಧಾರ್ ತೋರಿಸಿಯೂ ವೋಟು ಹಾಕಬಹುದು. ಪಟ್ಟಿಯಲ್ಲಿ ಹೆಸರಿಲ್ಲದಿದ್ರೆ ನನ್ನನ್ನ ಹಣೆಗೆ ಅಂಟಿಸಿಕೊಂಡು ಹೋದ್ರೂ ಬಿಡಲ್ಲ. ಅಂದ್ರೆ ನನ್ನನ್ನ ಮಾಡಿದ್ದು ಯಾತಕ್ಕೋ ಅಲ್ಲಿ ನಾನು ಅನಿವಾರ್ಯ ಅಲ್ಲ. ಪರದೇಶದ ಬಾಗಿಲಲ್ಲಿ ನಾನು ರಾಜ.

ಮನೆಯವರ ಕಾರ್ಡುಗಳೆಲ್ಲ ಸಿಕ್ಕಿದುವೇ?

ಮಕ್ಕಳಿಬ್ಬರೂ ಚಿಕ್ಕವರು, ಇಂಗ್ಲಿಷಿನಲ್ಲಿರೋ ಜನನ ಪ್ರಮಾಣಪತ್ರ ಸಾಕು. ಅಮ್ಮಾವ್ರ ಕಾರ್ಡು ದಾವಣಗೆರೆಯ ತವರಿನಲ್ಲಿದೆ. ಮದುವೆಯಾಗಿ ಬಂದ ಮೇಲೆ ಅಡ್ರೆಸ್ಸು ಬ್ಯಾಂಕಿನಲ್ಲಿ ಬದಲಾಯ್ತು, ಗ್ಯಾಸಿನವರಲ್ಲಿ ಬದಲಾಯ್ತು, ಸೀರೆ ಕಳಿಸೋ ಆ್ಯಪುಗಳಲ್ಲೆಲ್ಲ ಬದಲಾಯ್ತು. ಮತದಾರರ ಪಟ್ಟಿಯಲ್ಲಿ ಮಾತ್ರ ಆಯಮ್ಮ ಇನ್ನೂ ತವರುಮನೆ ಮಗಳು. ಫಾರಂ 8 ತುಂಬಿದ್ರೆ ಮುಗೀತು, ಪುರುಸೊತ್ತಾಗಿಲ್ಲ. ಅಣ್ಣನಿಗೆ ಫೋನ್ ಮಾಡಿ "ಕಾರ್ಡು ಕೊರಿಯರ್ ಮಾಡು" ಅಂದಿದ್ದಾರೆ. ಇವತ್ತೋ ನಾಳೆಯೋ ಬರಬೇಕು.

ಖರ್ಚಿನ ಲೆಕ್ಕ ಎಲ್ಲಿಗೆ ಬಂತು?

ಅದೇ ನೋಡಿ ತಮಾಷೆ. ಸುಸ್ಥಿರ ಅಭಿವೃದ್ಧಿ ಶುಲ್ಕ ಅಂತ ಇದೆ. ಕೋವಿಡ್ ಮುಗಿದು 2022ರ ಸೆಪ್ಟೆಂಬರಿನಲ್ಲಿ ಗಡಿ ತೆರೆದಾಗಿನಿಂದ ಭಾರತೀಯರಿಗೂ ಬಂತು: ಒಬ್ಬರಿಗೆ ರಾತ್ರಿಗೆ 1,200 ರೂಪಾಯಿ, ಆರರಿಂದ ಹನ್ನೆರಡು ವರ್ಷದ ಮಕ್ಕಳಿಗೆ ಅರ್ಧ. ಮಿಕ್ಕ ದೇಶದವರು ಡಾಲರಿನಲ್ಲಿ ನೂರು ಕಟ್ತಾರೆ, ನಾವು ನೆಂಟರು ಅಂತ ರಿಯಾಯಿತಿ. ಯಜಮಾನರು, ಅಮ್ಮಾವ್ರು, ಒಂಬತ್ತನೇ ಕ್ಲಾಸಿನ ಮಗಳು, ಮೂರನೇ ಕ್ಲಾಸಿನ ಮಗ, ಒಟ್ಟು ರಾತ್ರಿಗೆ 4,200. ಅಷ್ಟಕ್ಕೇ ಯಜಮಾನರ ಮುಖ ಸಣ್ಣಗಾಗಿತ್ತು. ಆಮೇಲೆ ಕಾರಿನದ್ದು ನೋಡಿದ್ರು. ನಮ್ಮ ನಂಬರ್ ಪ್ಲೇಟಿನ ಕಾರನ್ನ ಗಡಿಯೂರು ದಾಟಿ ಒಳಗೆ ಒಯ್ಯಬೇಕಾದ್ರೆ ದಿನಕ್ಕೆ 4,500!

ನಾಲ್ಕು ಜನಕ್ಕಿಂತ ಕಾರೇ ದುಬಾರಿ!

ಅಮ್ಮಾವ್ರು ಅದನ್ನೇ ಅಂದ್ರು. "ನಮ್ಮನ್ನೆಲ್ಲ ಇಲ್ಲೇ ಬಿಟ್ಟು ಕಾರನ್ನ ಕಳಿಸಿಬಿಡಿ, ಅದೇ ನೋಡ್ಕೊಂಡು ಬರಲಿ" ಅಂತ. ಈಗ ಮನೆಯಲ್ಲಿ ಎರಡು ಪಕ್ಷ. ಕಾರನ್ನ ಗಡಿಯ ಈ ಕಡೆಯ ಜೈಗಾಂವ್‌ನಲ್ಲಿ ನಿಲ್ಲಿಸಿ ಆ ಕಡೆಯ ಟ್ಯಾಕ್ಸಿ ಹಿಡಿಯೋಣ ಅನ್ನೋದು ಅಮ್ಮಾವ್ರ ಪಕ್ಷ. ಬೆಂಗಳೂರಿನಿಂದ ನೆಲ್ಲೂರು, ವಿಜಯವಾಡ, ಭುವನೇಶ್ವರ, ಕೋಲ್ಕತ್ತ, ಫರಕ್ಕಾ, ಸಿಲಿಗುರಿ, ಹಾಸಿಮಾರಾ ಅಂತ ಎರಡೂವರೆ ಸಾವಿರ ಕಿಲೋಮೀಟರ್ ಮೀರಿ ಓಡಿಸಿಕೊಂಡು ಹೋಗಿ, ಬೆಟ್ಟದ ಬುಡದಲ್ಲಿ ಕಾರು ನಿಲ್ಲಿಸಿ ಟ್ಯಾಕ್ಸಿ ಹತ್ತೋದಾದ್ರೆ ರೋಡ್ ಟ್ರಿಪ್ ಅಂತ ಯಾಕೆ ಕರೀಬೇಕು ಅನ್ನೋದು ಯಜಮಾನರ ಪಕ್ಷ. ಸ್ಪಷ್ಟ ಬಹುಮತ ಯಾರಿಗೂ ಇಲ್ಲ. ಮಕ್ಕಳಿಗೆ ಮತದಾನದ ಹಕ್ಕು ಕೊಟ್ಟಿಲ್ಲ.

ನಿಮ್ಮ ಅಭಿಪ್ರಾಯ?

ನಾನು ಚುನಾವಣಾ ಆಯೋಗದ ಸಂತಾನ, ತಟಸ್ಥ.

ದಾರಿ ನಿಜಕ್ಕೂ ಅಷ್ಟು ಚೆನ್ನಾಗಿದೆಯೇ?

ಜೈಗಾಂವ್‌ನಲ್ಲಿ ಹಾರ್ನು, ಆಟೋ, ಸಂತೆ. ಬಣ್ಣ ಬಳಿದ ಡ್ರ್ಯಾಗನ್ನುಗಳ ಗಡಿ ಗೇಟು ದಾಟಿದ್ರೆ ಭೂತಾನಿನ ಫುಂಟ್‌ಶೋಲಿಂಗ್. ಗಡಿಯಾರ ಅರ್ಧ ಗಂಟೆ ಮುಂದಕ್ಕೆ, ಸದ್ದು ಎರಡು ಪಟ್ಟು ಕಡಿಮೆ. ಊರಿನ ಮೇಲೆ ರಿಂಚೆಂಡಿಂಗ್ ಚೆಕ್‌ಪೋಸ್ಟಿನಲ್ಲಿ ಪರ್ಮಿಟ್ ನೋಡ್ತಾರೆ. ಅಲ್ಲಿಂದ ಏರು. ಗೇದು ಹತ್ತಿರ ಮಂಜು ಬಿತ್ತು ಅಂದ್ರೆ ಮುಂದಿನ ಲಾರಿಯ ಕೆಂಪು ದೀಪವೇ ದಾರಿ. ಚೂಝೋಮ್‌ನಲ್ಲಿ ಪಾರೊ ನದಿ, ವಾಂಗ್ ನದಿ ಕೂಡ್ತಾವೆ. ಅಲ್ಲಿ ದಂಡೆ ಮೇಲೆ ನೇಪಾಳಿ, ಟಿಬೆಟಿ, ಭೂತಾನಿ ಶೈಲಿಯ ಮೂರು ಸ್ತೂಪ ಸಾಲಾಗಿ ನಿಂತಿವೆ. ಇವೆಲ್ಲ ಯಜಮಾನರು ವಿಡಿಯೊ ಹಾಕಿದಾಗ ಮೇಜಿನ ಮೇಲಿಂದ ನಾನೂ ನೋಡಿದ್ದು. ಮಳೆಗಾಲದಲ್ಲಿ ಸೋರ್ಚೆನ್, ಜುಮ್ಜಾ ಕಡೆ ಗುಡ್ಡ ಕುಸಿದು ದಾರಿ ಕಟ್ಟೋದೂ ಉಂಟು. ಆ ವಿಡಿಯೊ ಬಂದಾಗ ಅವರು ಬೆರಳಲ್ಲಿ ಮೇಲಕ್ಕೆ ತಳ್ಳಿಬಿಟ್ರು.

ಆ ರಸ್ತೆ ಕಡಿದದ್ದು ಯಾರು ಹೇಳಿ? ನಮ್ಮ ಗಡಿ ರಸ್ತೆ ಸಂಸ್ಥೆಯ ದಂತಕ್ ಯೋಜನೆ, 1961ರಲ್ಲಿ ಶುರುವಾದದ್ದು. 1958ರಲ್ಲಿ ನೆಹರೂ, ಮಗಳು ಇಂದಿರಾ ಜೊತೆ ಭೂತಾನಿಗೆ ಹೊರಟಾಗ ವಾಹನ ಹೋಗೋ ರಸ್ತೆಯೇ ಇರಲಿಲ್ಲ. ಸಿಕ್ಕಿಂನ ನಾಥು ಲಾ ದಾಟಿ, ಟಿಬೆಟ್ಟಿನ ಚುಂಬಿ ಕಣಿವೆ ಹಾದು ಸವಾರಿ ಮಾಡಿಕೊಂಡು ಪಾರೊ ಮುಟ್ಟಿದ್ರು. ಆ ಕಾಲಕ್ಕೆ ಕಾರಿಗೆ ದಿನದ ಶುಲ್ಕದ ಪ್ರಶ್ನೆಯೇ ಬರ್ತಿರಲಿಲ್ಲ.

ಅಂದ್ರೆ ಭಾರತದವರು ಕಟ್ಟಿದ ರಸ್ತೆ ನೋಡೋಕೆ ಭಾರತದವರು ಭೂತಾನಿಗೆ ಹೊರಟಿದ್ದಾರೆ.

ಯಜಮಾನರ ಪಟ್ಟಿ ಓದಿ ಹೇಳ್ತೀನಿ, ಕೇಳಿ. ಡೋಚುಲಾ ಕಣಿವೆದಾರಿಯಲ್ಲಿ 108 ಸ್ತೂಪ, ಪಾರೊದಿಂದ ಹಾ ಕಣಿವೆಗೆ ಹೋಗೋ ದಾರಿಯಲ್ಲಿ ಸುಮಾರು 4,000 ಮೀಟರ್ ಎತ್ತರದ ಚೆಲೆ ಲಾ. ಇವು ಸರಿ. ಮಿಕ್ಕದ್ದು ಏನು ಗೊತ್ತಾ? 'ಥಿಂಫುವಿನಲ್ಲಿ ಟ್ರಾಫಿಕ್ ಸಿಗ್ನಲ್ಲೇ ಇಲ್ಲ, ಪೊಲೀಸರು ಬಿಳಿ ಗ್ಲೌಸ್ ಹಾಕ್ಕೊಂಡು ಕೈಯಲ್ಲೇ ಸನ್ನೆ ಮಾಡ್ತಾರೆ, ನೋಡಲೇಬೇಕು.' 'ಜನ ರಸ್ತೆ ದಾಟುವಾಗ ಕಾರು ನಿಲ್ಲಿಸ್ತಾರೆ, ವಿಡಿಯೊ ಮಾಡಬೇಕು.' 'ಕಾಡು ಶೇಕಡ 60ಕ್ಕಿಂತ ಕಡಿಮೆ ಆಗಬಾರದು ಅಂತ ಸಂವಿಧಾನದಲ್ಲೇ ಬರೆದಿದ್ದಾರೆ, ಮಕ್ಕಳಿಗೆ ಹೇಳಬೇಕು.' ರಾತ್ರಿಗೆ 4,200 ಕೊಟ್ಟು ಫುಟ್‌ಪಾತು, ಮರ, ಶಿಸ್ತು ನೋಡೋಕೆ ಹೋಗ್ತಿದ್ದಾರೆ ಸ್ವಾಮಿ. ಇಲ್ಲಿ ಇವನ್ನೆಲ್ಲ ಕೇಳೋದಕ್ಕೆ ಅಂತ ಕೊಟ್ಟ ಚೀಟಿ ಎಲ್‌ಐಸಿ ಬಾಂಡಿನ ಕೆಳಗಿತ್ತು.

ಯಜಮಾನರು ವೋಟೇ ಹಾಕಿಲ್ಲವೇ?

ಯಜಮಾನರ ಮನೆಯ ಅನ್ನ ತಿಂದು... ಅನ್ನ ಏನು ತಿಂದಿಲ್ಲ ಬಿಡಿ, ಹೇಳ್ತೀನಿ. ಬೆಂಗಳೂರಿಗೆ ಲೋಕಸಭೆ ಮತದಾನ ಬಂದದ್ದು 2024ರ ಏಪ್ರಿಲ್ 26, ಶುಕ್ರವಾರ. ಪಕ್ಕದಲ್ಲಿ ಶನಿವಾರ, ಭಾನುವಾರ. ಯಜಮಾನರು ಗುರುವಾರ ರಾತ್ರಿಯೇ ಚಿಕ್ಕಮಗಳೂರಿನ ಹೋಂಸ್ಟೇ ಸೇರಿದ್ರು. ಅಲ್ಲಿಗೂ ಅವರು ಗುರುತಿಗೆ ಒಯ್ದದ್ದು ಆಧಾರನ್ನ. ಆವತ್ತು ಮಂಡ್ಯದಲ್ಲಿ ಮತದಾನ ಶೇಕಡ 80 ದಾಟಿತು. ಬೆಂಗಳೂರು ನಗರದ ಕ್ಷೇತ್ರಗಳಲ್ಲಿ 54ರ ಆಸುಪಾಸಿಗೆ ನಿಂತಿತು. ಶಾಯಿ ಹಚ್ಚಿದ ಬೆರಳು ತೋರಿಸಿದವರಿಗೆ ಪುಕ್ಕಟೆ ದೋಸೆ ಕೊಟ್ಟ ಹೋಟೆಲೂ ಇತ್ತು. ಅದೂ ಶಾಯಿಗೇ ಸಂದ ಗೌರವ, ನನಗಲ್ಲ. ಆ ಶಾಯಿಗೆ ಮೈಸೂರಿನ ಕಾರ್ಖಾನೆ ಇದೆ, 1962ರಿಂದ ಹೆಸರಿದೆ, ಹೊರದೇಶಗಳಿಂದಲೂ ಆರ್ಡರ್ ಬರುತ್ತೆ. ನನಗೆ ಇರೋದು ಒಂದು ಪ್ಲಾಸ್ಟಿಕ್ ಕವರು.

ಎಲ್ಲ ತಪ್ಪನ್ನೂ ಯಜಮಾನರ ತಲೆಗೇ ಕಟ್ಟಲ್ಲ. ಪಾಲಿಕೆ ಚುನಾವಣೆ 2015ರ ಆಗಸ್ಟಿನಲ್ಲಿ ಆಯ್ತು, 2020ರಲ್ಲಿ ಅವಧಿ ಮುಗೀತು, ಆಮೇಲೆ ವರ್ಷಗಟ್ಟಲೆ ಅದರ ಸುದ್ದಿಯೇ ಇರಲಿಲ್ಲ. ಮನೆ ಮುಂದಿನ ಗುಂಡಿಗೂ ನನಗೂ ನೇರ ಸಂಬಂಧ ಇರೋದು ಆ ಒಂದು ಚುನಾವಣೆಯಲ್ಲಿ. ಕರೆಯದೇ ಇದ್ರೆ ನಾನಾಗಿ ನಡ್ಕೊಂಡು ಹೋಗೋಕಾಗುತ್ತಾ?

ಭೂತಾನಿನ ಮತದಾರರ ಬಗ್ಗೆ ಕೇಳಿದ್ದೀರಾ?

ಕೇಳಿದ್ದೀನಿ, ಕೇಳಿ ನಿದ್ದೆ ಬಂದಿಲ್ಲ. ಅಲ್ಲಿ ಜನ ಪ್ರಜಾಪ್ರಭುತ್ವ ಬೇಕು ಅಂತ ಧರಣಿ ಕೂತು ಪಡೆದದ್ದಲ್ಲ. ನಾಲ್ಕನೇ ರಾಜ ಜಿಗ್ಮೆ ಸಿಂಗ್ಯೆ ವಾಂಗ್‌ಚುಕ್ ತಾನೇ "ತಗೊಳ್ಳಿ" ಅಂದ. ಜನ "ಬೇಡ ಬುದ್ಧೀ, ನೀವೇ ಇರಿ" ಅಂದ್ರು. ಕರಡು ಸಂವಿಧಾನ ಹಿಡಿದು ಅವನೂ ಯುವರಾಜನೂ ಜಿಲ್ಲೆ ಜಿಲ್ಲೆ ಸುತ್ತಿ ವಿವರಿಸಿದ್ರು. 2006ರ ಕೊನೆಗೆ ಪಟ್ಟವನ್ನೇ ಮಗನಿಗೆ ಬಿಟ್ಟುಕೊಟ್ಟ. ಜನಕ್ಕೆ ಅಭ್ಯಾಸ ಆಗಲಿ ಅಂತ 2007ರಲ್ಲಿ ಅಣಕು ಚುನಾವಣೆ ಮಾಡಿದ್ರು. ಕೆಂಪು, ಹಸಿರು, ನೀಲಿ, ಹಳದಿ ಅಂತ ನಾಲ್ಕು ಸುಳ್ಳು ಪಕ್ಷ. ಗೆದ್ದದ್ದು ಹಳದಿ, ಯಾಕಂದ್ರೆ ಅದು ರಾಜನ ಬಣ್ಣ. 2008ರ ನಿಜವಾದ ಚುನಾವಣೆಯಲ್ಲಿ ಶೇಕಡ 80ರ ಹತ್ತಿರ ಜನ ಬಂದ್ರು. ಒಮ್ಮೆ ರುಚಿ ಹತ್ತಿದ ಮೇಲೆ ಬಿಟ್ಟಿಲ್ಲ: 2013ರಲ್ಲಿ ಆಳೋ ಪಕ್ಷವನ್ನ ಇಳಿಸಿದ್ರು, 2018ರಲ್ಲಿ ಮತ್ತೆ ಇಳಿಸಿದ್ರು, 2024ರ ಜನವರಿಗೆ ಮುಗಿದ ಚುನಾವಣೆಯಲ್ಲಿ ಇನ್ನೊಮ್ಮೆ.

ಇನ್ನೊಂದು ಮಾತು ನನ್ನ ಎದೆಗೆ ನಾಟಿದ್ದು. ಅಲ್ಲಿ ಯಾರ ಹೆಸರು ಯಾವ ಹಳ್ಳಿಯ ದಾಖಲೆಯಲ್ಲಿದೆಯೋ ಅಲ್ಲಿಯದೇ ವೋಟು. ಥಿಂಫುವಿನಲ್ಲಿ ಕೆಲಸ ಮಾಡೋರು ಎಷ್ಟೋ ಜನ ಬಸ್ಸು ಹಿಡಿದು, ಬೆಟ್ಟ ಹತ್ತಿಳಿದು ತಮ್ಮೂರಿಗೆ ಹೋಗ್ತಾರೆ. ಚುನಾವಣೆ ಅಂದ್ರೆ ಅವರಿಗೂ ಪ್ರವಾಸ, ನಮ್ಮ ಯಜಮಾನರಿಗೂ ಪ್ರವಾಸ.

ಪ್ರಯಾಣಿಕರಿಗೆ ಏನಾದ್ರೂ ಸಲಹೆ?

ಎರಡೂ ಕಡೆ ಜೆರಾಕ್ಸ್ ಮಾಡಿಸಿಟ್ಕೊಳ್ಳಿ. ಕಾರಿನ ಆರ್‌ಸಿ, ಇನ್ಶೂರೆನ್ಸು, ಡಿಎಲ್ಲು, ಹೊಗೆ ಸರ್ಟಿಫಿಕೇಟು ಒಂದೇ ಕವರಿನಲ್ಲಿರಲಿ. ಅಲ್ಲಿ ಮೆಣಸಿನಕಾಯಿ ಒಗ್ಗರಣೆಗೆ ಹಾಕೋ ವಸ್ತು ಅಲ್ಲ, ಅದೇ ಪಲ್ಯ. ಚೀಸ್ ಹಾಕಿ ಬೇಯಿಸಿ ಎಮಾ ದಾತ್ಶಿ ಅಂತಾರೆ. ಅಮ್ಮಾವ್ರು ಮಾತ್ರ ಹೆದರಿಲ್ಲ, "ದಾವಣಗೇರಿಯೋಳಿಗೆ ಮೆಣಸಿನಕಾಯಿ ಕಥೆ ಹೇಳಬ್ಯಾಡ್ರಿ" ಅಂದ್ರು.

(ಬಾಗಿಲ ಬೆಲ್ಲು. ಕೊರಿಯರಿನ ಹುಡುಗ. ಅಮ್ಮಾವ್ರು ಓಡಿ ಬಂದು ಪೊಟ್ಟಣ ಮೇಜಿನ ಮೇಲೆ ಬಿಚ್ಚಿದರು. ಮೇಲೆ ಖಾರ ಮಂಡಕ್ಕಿ, ಅದರ ಕೆಳಗೆ ಶೇಂಗಾ ಚಟ್ನಿಪುಡಿ, ತಳದಲ್ಲಿ ಎರಡು ಸುತ್ತು ಪ್ಲಾಸ್ಟಿಕ್ ಸುತ್ತಿ ರಬ್ಬರ್ ಬ್ಯಾಂಡ್ ಹಾಕಿದ ಕಾರ್ಡು. ಬಿಚ್ಚಿ ನೋಡಿದರೆ ರೇಷನ್ ಕಾರ್ಡು. ಸಕ್ಕರೆ ಡಬ್ಬಕ್ಕೆ ಒರಗಿದ್ದ ನಮ್ಮ ಅತಿಥಿ ಜಾರಿ ಮುಖ ಅಡಿಯಾಗಿ ಬಿತ್ತು. ಅಮ್ಮಾವ್ರು ಫೋನಿನ ಸ್ಪೀಕರ್ ಹಾಕಿದರು.)

"ಕಾರ್ಡು ಅಂದಿದ್ದಿಯಲ್ಲ ತಂಗಿ," ಅಣ್ಣನ ದನಿ, "ನಿನ್ನ ಹೆಸ್ರು ಇನ್ನೂ ಅದರಾಗ ಐತಿ ನೋಡು. ಆ ವೋಟಿನ ಕಾರ್ಡು ಅವ್ವ ಎಲ್ಲಿ ಇಟ್ಟಾಳೋ ಏನೋ. ಎಲೆಕ್ಷನ್ ಬಂದಾಗ ಹುಡುಕಿದ್ರಾತು ಬಿಡು, ಈಗೇನು ಅವಸರ?"