ಹಂಪಿಗೆ ಹೊರಟವರಿಗೊಂದು ಬಹಿರಂಗ ಪತ್ರ

ಹಂಪಿಗೆ ಹೊರಟ ಮಾನ್ಯ ಪ್ರವಾಸಿಗರೇ,

ಮಂಗಳೂರಿನ ಬಿಕರ್ನಕಟ್ಟೆಯಿಂದ ನಮಸ್ಕಾರ. ಹಂಪಿಗೆ ಹೋಗುವವರು ರೈಲಿಳಿಯುವ ಹೊಸಪೇಟೆಯ ಉಸಾಬರಿ ನಿಮಗ್ಯಾಕೆ ಮಾರಾಯ್ರೆ ಎಂದು ಕೇಳಬೇಡಿ. ನಮ್ಮೂರ ಹೆದ್ದಾರಿಗೆ ಮೊದಲು 13ನೇ ನಂಬರು. ಶಿವಮೊಗ್ಗ, ಚಿತ್ರದುರ್ಗ, ಹೊಸಪೇಟೆ ದಾಟಿ ಸೊಲ್ಲಾಪುರ ಮುಟ್ಟುತ್ತಿತ್ತು. ಈಗ ಇಲ್ಲಿ 169, ಅಲ್ಲಿ 50. ನಂಬರು ಬೇರೆಯಾದರೂ ಋಣ ಹರಿದಿಲ್ಲ. ಅಲ್ಲದೆ ನಮ್ಮದೂ ದಾಟಿಹೋಗುವವರ ಊರೇ. ಬಾಲಯೇಸುವಿನ ಪುಣ್ಯಕ್ಷೇತ್ರಕ್ಕೆ ಬರುವವರನ್ನು ಬಿಟ್ಟರೆ ಉಳಿದವರೆಲ್ಲ ಮೂಡುಬಿದಿರೆ, ಕಾರ್ಕಳದ ಬಸ್ಸಿನ ಕಿಟಕಿಯಿಂದಲೇ ನಮ್ಮನ್ನು ನೋಡಿ ಮುಗಿಸುತ್ತಾರೆ.

ಹೊಸಪೇಟೆಯಲ್ಲಿ ನಿಮ್ಮ ನಡವಳಿಕೆ ಶ್ಲಾಘನೀಯ. ರೈಲಿಳಿದು, ಮೂಗಿಗೆ ಕರ್ಚೀಫು ಹಿಡಿದು, ಬಿಸಿಲಿಗೆ ಶಾಪ ಹಾಕಿ, ಒಂದು ಪ್ಲೇಟು ಒಗ್ಗರಣೆ ಮಂಡಕ್ಕಿ, ಎರಡು ಮಿರ್ಚಿ ಮುಗಿಸಿ, ಆಟೋದವರ ಹತ್ತಿರ ಚೌಕಾಸಿ ಮಾಡಿ ಹಂಪಿಗೆ ಓಡುತ್ತೀರಿ. ದಾರಿಯಲ್ಲಿ ಅನಂತಶಯನಗುಡಿ ಸಿಗುತ್ತದೆ. ಕೃಷ್ಣದೇವರಾಯನ ಕಾಲದ್ದು, ಮೇಲೆ ಎತ್ತರದ ಕಮಾನಿನ ಗೋಪುರ, ಒಳಗೆ ಉದ್ದನೆಯ ಪೀಠ, ಅದರ ಮೇಲೆ ಮಲಗಬೇಕಾದ ದೇವರು ಮಾತ್ರ ಹೂವಿನಹಡಗಲಿ ಕಡೆಯ ಹೊಳಲಿನಲ್ಲಿ. ದೇವರೇ ಬಂದು ತಂಗದ ಕಡೆ ನೀವ್ಯಾಕೆ ಆಟೋ ನಿಲ್ಲಿಸಬೇಕು?

ಲೋಕದ ಶಿಷ್ಟಾಚಾರವೂ ಇದೇ. ಚಿಲಿ ದೇಶದ ಕಲಾಮಕ್ಕೆ ವಿಮಾನದಲ್ಲಿ ಬಂದಿಳಿದವರು ಪಕ್ಕದ ಚುಕಿಕಮಾಟಾ ತಾಮ್ರದ ಗಣಿಗೆ ಬೆನ್ನು ಹಾಕಿ ಅಟಕಾಮ ಮರುಭೂಮಿಯ ಚಂದ ನೋಡಲು ಹೊರಡುತ್ತಾರೆ. ಅಲ್ಲಾಗಲಿ ಹೊಸಪೇಟೆಯಲ್ಲಾಗಲಿ, ಗಣಿಯ ಊರು ಇರುವುದು ಬ್ಯಾಗು ಇಳಿಸಲಿಕ್ಕೆ.

ನಿಮ್ಮ ಕರ್ಚೀಫಿಗೆ ಹತ್ತಿದ ಕೆಂಪು ಧೂಳಿನ ವಿಚಾರ ಹೇಳಿಬಿಡುತ್ತೇನೆ. ಬೀಜಿಂಗ್ ಒಲಿಂಪಿಕ್ಸಿನ ಆಸುಪಾಸಿನ ವರ್ಷಗಳಲ್ಲಿ ಚೀನಾಕ್ಕೆ ಎಷ್ಟು ಕಬ್ಬಿಣದ ಅದಿರು ಕೊಟ್ಟರೂ ಸಾಲುತ್ತಿರಲಿಲ್ಲ. ಹೊಸಪೇಟೆ ಪಕ್ಕದ ಸಂಡೂರಿನ ಗುಡ್ಡಗಳು ಲಾರಿ ಹತ್ತಿ ಘಾಟಿ ಇಳಿದು, ನಮ್ಮ ಪಣಂಬೂರಿನ ಬಂದರಿನಲ್ಲಿ ಹಡಗು ಹತ್ತಿದವು. ನಾವು ಶಿರಾಡಿ ಘಾಟಿಯ ಹೊಂಡಗಳಿಗೆ ಬಾಯ್ತುಂಬ ಬೈದೆವು. ಬಂದರಿನ ವ್ಯಾಪಾರಕ್ಕೆ ಬೈಯುವಷ್ಟು ಅವಿವೇಕ ನಮಗಿರಲಿಲ್ಲ. 2010ರಲ್ಲಿ ರಾಜ್ಯ ಸರ್ಕಾರ ರಫ್ತು ನಿಲ್ಲಿಸಿತು. 2011ರ ಜುಲೈಯಲ್ಲಿ ಅಕ್ರಮ ಗಣಿಗಾರಿಕೆಯ ಬಗ್ಗೆ ಲೋಕಾಯುಕ್ತ ಸಂತೋಷ್ ಹೆಗ್ಡೆಯವರ ವರದಿ ಬಂತು, ಅದೇ ತಿಂಗಳು ಬಳ್ಳಾರಿಯ ಗಣಿಗಾರಿಕೆಗೆ ಸುಪ್ರೀಂ ಕೋರ್ಟಿನ ತಡೆ. ಆಮೇಲೆ ಷರತ್ತುಗಳ ಸಮೇತ ಮತ್ತೆ ಶುರು.

ನೀವಾದರೋ ಹಾಳು ನೋಡಲೆಂದೇ ದುಡ್ಡು ಖರ್ಚು ಮಾಡಿ ಬಂದವರು. ಹಂಪಿಯ 1565ರ ಹಾಳಿಗೆ ಟಿಕೆಟ್ಟಿದೆ, ಗೈಡಿದ್ದಾನೆ, 1986ರಿಂದ ಯುನೆಸ್ಕೊದ ಮಾನ್ಯತೆಯಿದೆ. ಹೊಸಪೇಟೆಯಿಂದ ಸುಮಾರು 30 ಕಿಲೋಮೀಟರಿಗೆ ಸಂಡೂರು. ಅಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಕಡಿದ ಗುಡ್ಡಗಳಿವೆ, ಮಳೆ ಬಂದಾಗ ಕೆಂಪಾಗಿ ಹರಿಯುವ ಹಳ್ಳಗಳಿವೆ. ಆದರೂ ಆ ಕಡೆ ಹೋಗಬೇಡಿ ಎಂದೇ ನನ್ನ ಸಲಹೆ. ಹಂಪಿಯಲ್ಲಾದರೆ ಕೆಡವಿದವರು ಸುಲ್ತಾನರೆಂದು ಗೈಡು ಹೇಳಿ ಮುಗಿಸುತ್ತಾನೆ, ಮನಸ್ಸು ಹಗುರಾಗುತ್ತದೆ. ಸಂಡೂರಿನಲ್ಲಿ ಯಾರಾದರೂ ಲೆಕ್ಕಕ್ಕೆ ಕೂತರೆ ನಮ್ಮ ಬಂದರೂ ನಿಮ್ಮ ತಾರಸಿಯ ಕಬ್ಬಿಣವೂ ಪಟ್ಟಿಗೆ ಬಂದಾವು. ರಜೆ ಹಾಕಿ ಹೋದವರಿಗೆ ಅಂಥ ತಾಪತ್ರಯ ಯಾಕೆ?

ಇತಿ,
ಹೆದ್ದಾರಿ ಬದಿಯ ನಿವಾಸಿ,
ಬಿಕರ್ನಕಟ್ಟೆ, ಮಂಗಳೂರು