ಸತ್ತಿದ್ದು ಯಾರು?

(ನಿವೃತ್ತ ಇಂಗ್ಲಿಷ್ ಮೇಷ್ಟ್ರ ಮನೆಯ ಜಗಲಿ. ಮಡಚಿದ ಹಾಳೆ ಹಿಡಿದು ಸೀನ ಬರುತ್ತಾನೆ.)

ಸೀನ: ಮೇಷ್ಟ್ರೇ, ಎಮ್ಮೆ ವಿಮೆ ಅರ್ಜಿ. ಹೊಸ ಮ್ಯಾನೇಜರಿಗೆ ಕನ್ನಡ ಬರಲ್ಲ. ಅದಕ್ಕೇ ನಾನೇ ಇಂಗ್ಲಿಷಲ್ಲಿ ಗೀಚಿದೀನಿ, ಒಂಚೂರು ನೋಡಿ.

ಮೇಷ್ಟ್ರು: (ಕನ್ನಡಕ ಏರಿಸಿ) "ದ ಬಫೆಲೋ ಆಫ್ ಮೈ ಫಾದರ್ ಹೂ ಡೈಡ್ ಯೆಸ್ಟರ್ಡೇ..." ಅಯ್ಯೋ ಶಿವನೇ! ನಿಮ್ಮಪ್ಪ ಹೋಗ್ಬಿಟ್ರೇನೋ?

ಸೀನ: ಬಿಡ್ತು ಅನ್ನಿ! ಈಗಷ್ಟೇ ಎರಡು ಮುದ್ದೆ ಉಂಡು ಎಲೆ ಅಡಿಕೆ ಹಾಕ್ಕೊಂಡು ಕೂತವ್ರೆ.

ಮೇಷ್ಟ್ರು: ಅರ್ಜಿ ಪ್ರಕಾರ ನಿನ್ನೆಯೇ ಹೋಗಿದ್ದಾರೆ. 'ಹೂ' ಮನುಷ್ಯರಿಗೆ ಕಣೋ, ಎಮ್ಮೆಗೆ 'ವಿಚ್'. ಸಾಲದ್ದಕ್ಕೆ ಈ 'ಹೂ', 'ವಿಚ್' ಎಲ್ಲ ಪಕ್ಕದಲ್ಲಿ ಯಾರು ಸಿಕ್ಕರೆ ಅವರಿಗೇ ಜೋತುಬೀಳುತ್ವೆ. ಕನ್ನಡದಲ್ಲಿ "ನಿನ್ನೆ ಸತ್ತ ಎಮ್ಮೆ" ಅಂದ್ರೆ ಮುಗೀತು. ಇಂಗ್ಲಿಷಲ್ಲಿ ಎಮ್ಮೆ ಮುಂದೆ, ಸಾವು ಹಿಂದೆ. ನೀನು ಮಧ್ಯೆ ಅಪ್ಪನ್ನ ತಂದು ನಿಲ್ಲಿಸಿದೀಯ.

ಸೀನ: ಮತ್ತೆ ಅವರನ್ನ ಎಲ್ಲಿ ಕೂರಿಸ್ಲಿ?

ಮೇಷ್ಟ್ರು: ಮುಂದಕ್ಕೆ. "ಮೈ ಫಾದರ್ಸ್ ಬಫೆಲೋ, ವಿಚ್ ಡೈಡ್." ಈಗ ಸಾವು ಎಮ್ಮೆಗೇ ಅಂಟಿತು. ಮುಂದಿನ ಸಾಲು ಇನ್ನೂ ಚೆಂದ. ಎಮ್ಮೆ ಗುರುತಿನ 12 ಅಂಕಿಯ ಹಳದಿ ಓಲೆಯನ್ನೂ ನಿಮ್ಮಪ್ಪನ ಕಿವಿಗೇ ಹಾಕಿಸಿದೀಯ!

ಸೀನ: (ತಲೆ ಕೆರೆಯುತ್ತ) ಅದನ್ನೂ ಎಮ್ಮೆಗೇ ಹಾಕ್ಬಿಡಿ.

ಮೇಷ್ಟ್ರು: "ದ ಶೆಡ್ ವಿಚ್ ಇಟ್ ಏಟ್." ಇದೇನೋ?

ಸೀನ: ಎಮ್ಮೆ ಕೊನೆ ಸಲ ಮೇವು ತಿಂದ ಕೊಟ್ಟಿಗೆ.

ಮೇಷ್ಟ್ರು: 'ಇನ್' ಎಲ್ಲಿ? ಕೊಟ್ಟಿಗೆಯ 'ಅಲ್ಲಿ'ಯನ್ನ ಕನ್ನಡ ಸದ್ದಿಲ್ಲದೆ ನುಂಗಿಕೊಳ್ಳುತ್ತೆ. ಇಂಗ್ಲಿಷಿಗೆ ಅದು ಜೀರ್ಣವಾಗಲ್ಲ. 'ಇನ್' ಬಿಟ್ಟಿದ್ದಕ್ಕೆ ನಿನ್ನೆಮ್ಮೆ ಕೊಟ್ಟಿಗೆಯನ್ನೇ ತಿಂದಿದೆ. ಸತ್ತಿದ್ದು ಯಾಕೆ ಅಂತ ಡಾಕ್ಟರನ್ನ ಕೇಳಬೇಕಾಗೇ ಇಲ್ಲ.

ಸೀನ: ಡಾಕ್ಟ್ರು ಬಂದು ಸರ್ಟಿಫಿಕೇಟ್ ಕೊಟ್ಟಾಯ್ತು ಸಾ.

ಮೇಷ್ಟ್ರು: ಮತ್ತೆ ಇಲ್ಲಿ "ಎ ಬಫೆಲೋ", "ಎ ಬಫೆಲೋ". ನಾಲ್ಕು ಸಲ. ನಾಲ್ಕು ಎಮ್ಮೆ ಸತ್ತವಾ?

ಸೀನ: (ಆಸೆಯಿಂದ) ನಾಲ್ಕಕ್ಕೂ ದುಡ್ಡು ಬರ್ತದಾ?

ಮೇಷ್ಟ್ರು: ಪೊಲೀಸರು ಬರ್ತಾರೆ. ನಿಮ್ಮಜ್ಜಿ ಕಥೆ ಹೆಂಗೆ ಶುರು ಮಾಡ್ತಿದ್ರು?

ಸೀನ: ಒಂದೂರಲ್ಲಿ ಒಬ್ಬ ರಾಜ. ಆ ರಾಜಂಗೆ...

ಮೇಷ್ಟ್ರು: ಸಾಕು. 'ಒಬ್ಬ' ಅನ್ನೋದು 'ಎ', 'ಆ' ಅನ್ನೋದು 'ದ'. ಮೊದಲ ಸಲ ಪರಿಚಯ, ಆಮೇಲೆ ಗುರುತು. ಶಾಲೆ ಮೆಟ್ಟಿಲು ಹತ್ತದ ಅಜ್ಜಿಗೆ ಗೊತ್ತಿದ್ದದ್ದನ್ನ ನಾನು ನಿಮ್ಮ ಕ್ಲಾಸಿಗೆ ವರ್ಷಗಟ್ಟಲೆ ಕಿರುಚಿ ಹೇಳಿದೆ, ಒಬ್ಬನ ತಲೆಗೂ ಹೋಗ್ಲಿಲ್ಲ.

ಸೀನ: ನೀವು ಎಮ್ಮೆ ಇಟ್ಕೊಂಡು ಹೇಳಿದ್ರೆ ಹೋಗ್ತಿತ್ತು.

ಮೇಷ್ಟ್ರು: (ಅರ್ಜಿಗೆ ಮರಳಿ) ಇಲ್ಲಿ ಗಂಟೆಗೆ "ಎ ಅವರ್" ಅಲ್ಲ, "ಆನ್ ಅವರ್". ಅಲ್ಲಿ ಎಚ್ ಬಾಯಿ ಬಿಡಲ್ಲ. ಅಕ್ಷರ ನೋಡಬೇಡ, ಸದ್ದು ಕೇಳು. (ಓದುತ್ತ ನಿಂತು, ದನಿ ತಗ್ಗಿಸಿ) ಸೀನ, ನಿನಗೆ ಎಷ್ಟು ಜನ ಹೆಂಡ್ತೀರು?

ಸೀನ: ಮೆಲ್ಲಗೆ ಸಾ! ಹೆಪ್ಪಿಗೆ ಮಜ್ಜಿಗೆ ಇಸ್ಕೊಳಕ್ಕೆ ನನ್ನವಳು ಒಳಗೆ ಅಮ್ಮಾವ್ರ ಹತ್ರ ಬಂದವ್ಳೆ.

ಮೇಷ್ಟ್ರು: "ಮೈ ವೈಫ್ ಹೂ ಮಿಲ್ಕ್ಸ್ ದ ಬಫೆಲೋ ಈಸ್ ಕ್ರೈಯಿಂಗ್." ಅಲ್ಪವಿರಾಮ ಇಲ್ಲ. ಅಂದ್ರೆ ಹಾಲು ಕರೆಯೋ ಹೆಂಡ್ತಿ ಅಳ್ತಿದ್ದಾಳೆ, ಕರೆಯದ ಇನ್ನೊಬ್ಬಳು ಎಲ್ಲೋ ಹಾಯಾಗಿದ್ದಾಳೆ.

ಸೀನ: ಹಾಕಿ ಸಾ, ಎಷ್ಟು ಬೇಕೋ ಅಷ್ಟು ಅಲ್ಪವಿರಾಮ ಹಾಕಿ!

ಮೇಷ್ಟ್ರು: ಎರಡು ಸಾಕು. 'ವೈಫ್' ಆದ ಮೇಲೊಂದು, 'ಬಫೆಲೋ' ಆದ ಮೇಲೊಂದು. ಸಂಸಾರ ಉಳೀತು. (ಬರೆದು ಮುಗಿಸಿ) ಇದರ ಜೊತೆ ಎಮ್ಮೆ ಕಿವಿ ಓಲೆ ಲಗತ್ತಿಸಬೇಕು. ಕೊಡು.

ಸೀನ: ಓಲೆನಾ? ಅದು ಕಿವೀಲೇ ಇದೆಯಲ್ಲ.

ಮೇಷ್ಟ್ರು: ಎಮ್ಮೆ ಎಲ್ಲಿ?

ಸೀನ: ಹಿತ್ತಲಲ್ಲಿ. ಆರಡಿ ಆಳದಲ್ಲಿ.

ಮೇಷ್ಟ್ರು: ಓಲೆ ಇಲ್ಲದ ಎಮ್ಮೆಗೆ ವಿಮೆ ಇಲ್ಲ. ಗುದ್ದಲಿ ತಗೊಂಡು ಹೊರಡು.