ಉಗ್ರಾಣದವನೇ ಕಳ್ಳನ ಕಡೆಯಾದರೆ

(ಮದುವೆ ಛತ್ರದ ಉಗ್ರಾಣ. ಅಡುಗೆ ಭಟ್ಟರು ಬೆಲ್ಲ ತೂಗುತ್ತಿದ್ದಾರೆ. ಮೂಲೆಯಲ್ಲಿ ಸುರೇಶ, ತೊಡೆ ಮೇಲೆ ಲ್ಯಾಪ್‌ಟಾಪ್.)

ಭಟ್ಟರು: ತಂಗಿ ಮದುವೆ ದಿನವೂ ಆ ಡಬ್ಬಿ ಬಿಡಲ್ವೇನೋ?

ಸುರೇಶ: ಆಫೀಸಿನ ಲಿನಕ್ಸ್ ಸರ್ವರಿಗೆ ಕಳ್ಳ ನುಗ್ಗಿದಾನೆ ಭಟ್ರೇ. ಪಾಸ್‌ವರ್ಡ್ ಕದ್ದ, ರೂಟ್ ಆದ, ಅಂದ್ರೆ ಯಜಮಾನನೇ ಆದ, ಈಗ ಕರ್ನಲ್‌ನೇ ಬುಟ್ಟಿಗೆ ಹಾಕ್ಕೊಂಡಿದಾನೆ.

ಭಟ್ಟರು: ಶಿವನೇ! ಮಿಲಿಟ್ರಿಯೋರನ್ನೂ ಬಿಡಲಿಲ್ವಾ?

ಸುರೇಶ: ಆ ಕರ್ನಲ್ ಅಲ್ಲ. ಈತ ನಿಮ್ಮ ಉಗ್ರಾಣದವನ ಹಾಗೆ. ಯಾವ ಪ್ರೋಗ್ರಾಮಿಗೆ ಏನು ಬೇಕಾದರೂ ಇವನನ್ನೇ ಕೇಳಬೇಕು. ಮಾಡ್ಯೂಲ್ ಅಂದ್ರೆ ಇವನ ಕೈಯಾಳು. ಯಂತ್ರ ನಿಲ್ಲಿಸದೆಯೇ ಒಳಗೆ ಕರಕೊಳ್ಳಬಹುದು. ಕಳ್ಳನೂ ತನ್ನ ಆಳನ್ನ ಹಾಗೇ ಸೇರಿಸಿದ.

ಭಟ್ಟರು: ಹಾಜರಿ ಕೂಗು, ಸಿಕ್ಕಿಬೀಳ್ತಾನೆ.

ಸುರೇಶ: 'ಎಲ್‌ಎಸ್‌ಮಾಡ್' ಅಂತ ಕೂಗಿದೆ. ಮಾಡ್ಯೂಲ್‌ಗಳ ಪಟ್ಟಿಯಿಂದ ಆ ಆಳು ತನ್ನ ಹೆಸರೇ ಹೊಡೆದುಹಾಕಿದಾನೆ. ಓಡ್ತಿರೋ ಕೆಲಸಗಳನ್ನ ಹೇಳು ಅಂತ 'ಪಿಎಸ್' ಅಂದೆ. ಕಳ್ಳನ ಕೆಲಸ ಬಿಟ್ಟು ಮಿಕ್ಕಿದ್ದೆಲ್ಲ ಕರ್ನಲ್ ಓದಿ ಹೇಳಿದ.

ಭಟ್ಟರು: ಹೋದ ಮದುವೇಲಿ ನನಗೂ ಇದೇ ಆಯ್ತು. ಎಲೆಗೊಂದರಂತೆ ಐನೂರು ಲಾಡು, ಎಲ್ಲಾ ಖರ್ಚು ಅಂದ ಉಗ್ರಾಣದವ. ನಾನು ಹಿತ್ತಲಿಗೆ ಹೋಗಿ ಎಂಜಲೆಲೆ ಎಣಿಸಿದೆ. ಮುನ್ನೂರು! ಬಾಕಿ ಲಾಡು ಅವನ ಸ್ಕೂಟರ್ ಡಿಕ್ಕಿಯಲ್ಲಿ.

ಸುರೇಶ: ನಾನೂ ಎಲೆಯನ್ನೇ ಎಣಿಸಿದೆ! ಒಳಗೆ ಕೇಳಿದರೆ ತೆರೆದ ಪೋರ್ಟ್, ಅಂದ್ರೆ ಬಾಗಿಲು, ಮೂರು. ಬೇರೆ ಯಂತ್ರದಿಂದ ಎನ್‌ಮ್ಯಾಪ್ ಹಾಕಿ ಎಣಿಸಿದರೆ ನಾಲ್ಕು.

ಭಟ್ಟರು: ದೊಡ್ಡ ಮನೆಗಳಲ್ಲೂ ಹೀಗಾಗುತ್ತಾ?

ಸುರೇಶ: 2003ರ ನವೆಂಬರಿನಲ್ಲಿ ಡೆಬಿಯನ್ ಲಿನಕ್ಸಿನವರ ಸರ್ವರುಗಳಿಗೇ ಆಯ್ತು. ಕದ್ದ ಪಾಸ್‌ವರ್ಡು, ಕರ್ನಲ್ಲಿನದೇ ಒಂದು ದೋಷ, ಮೇಲೆ ಕಳ್ಳನನ್ನ ಬಚ್ಚಿಡೋ 'ಸಕಿಟ್' ಅನ್ನೋ ರೂಟ್‌ಕಿಟ್. ಅದಕ್ಕೆ ಮಾಡ್ಯೂಲೂ ಬೇಡ, ನೇರ ಕರ್ನಲ್ ಮೆಮೊರಿಗೇ ಕೈ ಹಾಕೋದು.

ಭಟ್ಟರು: ಸಿಕ್ಕಿದ್ದು ಹೇಗೆ?

ಸುರೇಶ: ಎರಡು ಯಂತ್ರಗಳ ಕರ್ನಲ್ ಒಂದೇ ಥರ 'ಊಪ್ಸ್' ಅಂತ ಬರೆದಿತ್ತು, ನಮ್ಮ 'ಅಯ್ಯೋ' ಇದ್ದ ಹಾಗೆ. ಕಡತ ಕಾಯೋ 'ಏಡ್' ಬೇರೆ, ಯಂತ್ರ ಶುರುವಾದಾಗ ಮೊದಲು ಓಡೋ ಇನಿಟ್ ಬದಲಾಗಿದೆ ಅಂತ ದೂರು ಕೊಟ್ಟಿತು.

ಭಟ್ಟರು: ಕಳ್ಳನ ಆಳಿಗೂ ಕೆಲಸ ಪೂರ್ತಿ ಬರ್ತಿರಲಿಲ್ಲ ಅನ್ನು! ಸರಿ, ನಿನ್ನ ಮಾಡ್ಯೂಲನ್ನ ಕಿತ್ತುಹಾಕು, ಊಟಕ್ಕೆ ಬಾ.

ಸುರೇಶ: ಕೀಳು ಅಂತ ಹೇಳಬೇಕಾದದ್ದೂ ಅದೇ ಕರ್ನಲ್‌ಗೆ. "ಕಿತ್ತೆ ಸ್ವಾಮಿ" ಅಂತಾನೆ.

ಭಟ್ಟರು: ಮತ್ತೇನು ಮಾಡ್ತೀಯ?

ಸುರೇಶ: ಹೊರಗಿನ ಪೆನ್‌ಡ್ರೈವಿಂದ ಬೂಟ್ ಮಾಡಿ ಡಿಸ್ಕ್ ಪರೀಕ್ಷೆ. ಆಮೇಲೆ ಎಲ್ಲಾ ಅಳಿಸಿ ಹೊಸದಾಗಿ ಹಾಕೋದು. ಬಾಸ್ ಮಾತ್ರ "ಪಾಸ್‌ವರ್ಡ್ ಬದಲಿಸು, ಸಾಕು" ಅಂತಿದಾರೆ.

ಭಟ್ಟರು: ಅವರಿಗೆ ಹೇಳು: ಮೊದಲು ಉಗ್ರಾಣದವನನ್ನ ಬದಲಿಸಿ, ಆಮೇಲೆ ಬೀಗ. ಹೊಸ ಬೀಗ ತಂದು ಕೀಲಿ ಅವನ ಕೈಗೇ ಕೊಟ್ಟರೆ, ಬೀಗದ ದುಡ್ಡೂ ದಂಡ.